ಗೋಡೆಗೆ ಮುಖ ಮಾಡಿದವರು

ಸಾಹೇಬರ ಕಾರು ಬಂದರೆ ನಾವು ಗೋಡೆಗೆ ಮುಖ ಮಾಡಿ ನಿಲ್ಲಬೇಕು.

ನಗರದ ರಸ್ತೆ ಗುಡಿಸುವ ನಮ್ಮ ಕೆಲಸದ ಮೊದಲ ಪಾಠ ಇದು. ಪೊರಕೆ ಹಿಡಿಯುವುದನ್ನು ಕಲಿಸುವುದು ಆಮೇಲೆ. ಹಾರ್ನ್ ಕೇಳಿಸಿತೋ, ಗುಡಿಸುವುದು ನಿಲ್ಲಬೇಕು. ಪೊರಕೆಯನ್ನು ಎದೆಗೆ ಒತ್ತಿ ಮರೆ ಮಾಡಿಕೊಳ್ಳಬೇಕು. ರಸ್ತೆ ಬಿಟ್ಟು ಚರಂಡಿಯ ಅಂಚಿಗೆ ಹೋಗಿ, ಗೋಡೆಯ ಕಡೆ ತಿರುಗಿ, ಕತ್ತು ಬಗ್ಗಿಸಬೇಕು. ಕಾರು ಹೋದ ಮೇಲೆ ಮೇಸ್ತ್ರಿ ಸೀಟಿ ಊದುತ್ತಾನೆ. ಆಗ ತಿರುಗಬೇಕು. ಬೆಳಿಗ್ಗೆ ಬೆಳಿಗ್ಗೆ ಆಫೀಸಿಗೆ ಹೊರಟವರ ಕಣ್ಣಿಗೆ ಕಸದ ಹೆಂಗಸಿನ ಮುಖ ಬೀಳಬಾರದಂತೆ. ಬಿದ್ದರೆ ಅವರ ದಿನ ಕೆಡುತ್ತದಂತೆ. ಅವರ ದಿನ ಕೆಡಿಸುವಷ್ಟು ತಾಕತ್ತು ನಮ್ಮ ಮುಖಕ್ಕೆ ಇದ್ದಿದ್ದರೆ ನಾವು ಸುಮ್ಮನೆ ಬಿಡುತ್ತಿದ್ದೆವೇ?

ನನಗೆ ಈ ಪಾಠ ಹೇಳಿಕೊಟ್ಟವಳು ದೊಡ್ಡಮ್ಮ, ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಅವಳ ಬಲ ಮಣಿಕಟ್ಟು ಸೊಟ್ಟ. ಒಂದು ಮಳೆಗಾಲದಲ್ಲಿ ಹಾರ್ನ್ ಕೇಳಿ ಹಿಂದೆ ಸರಿಯುವಾಗ ಚರಂಡಿಗೆ ಬಿದ್ದಳು. ಮೂಳೆ ಮುರಿಯಿತು. ಕೆಸರಲ್ಲಿ ಮೊಣಕಾಲೂರಿಕೊಂಡೇ ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು. ಕಾರು ಹೋಗಿ, ಮೇಸ್ತ್ರಿ ಸೀಟಿ ಊದಿದ ಮೇಲೆಯೇ ನಾವು ಅವಳನ್ನು ಎತ್ತಿದ್ದು. ನಾವೂ ಅಲ್ಲಿಯವರೆಗೆ ಗೋಡೆ ನೋಡುತ್ತಾ ನಿಂತಿದ್ದೆವು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ನನ್ನನ್ನು ಎಲ್ಲರೂ ಮೆಣಸಿನಕಾಯಿ ಅಂತ ಕರೆಯುತ್ತಾರೆ. ಬಾಯಿ ಖಾರ. ಆದರೆ ಹಾರ್ನ್ ಕೇಳಿದರೆ ಈ ಮೆಣಸಿನಕಾಯಿಯೂ ಗೋಡೆಗೆ ತಿರುಗುತ್ತಿತ್ತು.

ಆ ವರ್ಷ ಬೇರೆ ದೇಶದ ಅಧ್ಯಕ್ಷರೊಬ್ಬರು ನಮ್ಮ ದೇಶಕ್ಕೆ ಬರುವವರಿದ್ದರು. ಕೆಲಸವಿದ್ದು ಬರುವುದಲ್ಲ. ಬರುವುದು, ತೋಪು ಹಾರಿಸಿಕೊಳ್ಳುವುದು, ಮೆರವಣಿಗೆಯಲ್ಲಿ ಹೋಗುವುದು, ಊಟ ಮಾಡುವುದು, ಕೈಕುಲುಕಿ ಹೋಗುವುದು. ಊರೆಲ್ಲ ಅದೇ ಮಾತು. ಚಹಾದ ಅಂಗಡಿಯವನು, "ಬರ್ಲಿ ಬಿಡಿ, ಆ ನೆಪದಲ್ಲಾದ್ರೂ ಗುಂಡಿ ಮುಚ್ಚುತ್ತಾರೆ" ಅಂದ. ಕ್ಷೌರದ ಅಂಗಡಿಯವನು, "ಅಂಗಡಿ ಮುಚ್ಚಿ ಅಂತಿದ್ದಾರಲ್ಲ, ನನ್ನ ಹೊಟ್ಟೆಗೆ ಅವರೇನು ತೋಪು ಹಾರಿಸ್ತಾರಾ?" ಅಂತ ಗೊಣಗಿದ. ಒಬ್ಬರಿಗೆ ದೇಶದ ಮಾನ, ಇನ್ನೊಬ್ಬರಿಗೆ ದಂಡದ ಖರ್ಚು. ನಮ್ಮನ್ನು ಯಾರೂ ಕೇಳಲಿಲ್ಲ. ನಾವು ಅವರ ಕಾಲ ಕೆಳಗಿನ ಚಹಾದ ಕಪ್ಪು, ಸಿಪ್ಪೆ ಎತ್ತುತ್ತಿದ್ದೆವು.

ದೊಡ್ಡಮ್ಮನ ಮಗನಿಗೆ ಮಾತ್ರ ಭಾರಿ ಖುಷಿ. ಅವನ ಹೆಸರು ರೇಡಿಯೊ. ಬಾಯಿ ಮುಚ್ಚುವುದಿಲ್ಲ, ಅದಕ್ಕೆ ಆ ಹೆಸರು. ಕಸದ ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನು ಹಾಸಿಗೆ ಬಿಟ್ಟು ಎದ್ದಿಲ್ಲ. ದೊಡ್ಡಮ್ಮನ ಕೆಲಸದ ಮೇಲೆ ಕೊಟ್ಟಿರುವ ಒಂದು ಕೋಣೆ. ಅದರಲ್ಲೊಂದು ಕಿಟಕಿ. ಕಿಟಕಿಯ ಪಕ್ಕ ಅವನ ಹಾಸಿಗೆ, ಎದುರಿಗೆ ಹಳೆಯ ಟಿವಿ. ಅವನ ಪ್ರಪಂಚ ಅಷ್ಟೇ. ದೊಡ್ಡಮ್ಮನ ಕೆಲಸ ಹೋದರೆ ಆ ಕೋಣೆ ಹೋಗುತ್ತದೆ. ಮಲಗಿದಲ್ಲೇ ಮಲಗಿರುವ ಗಂಡಸನ್ನು ಯಾರು ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ?

"ಅಕ್ಕಾ, ಆ ಅಧ್ಯಕ್ಷರಿಗೆ ಅವರ ದೇಶದಲ್ಲಿ ಅಧಿಕಾರಾನೇ ಇಲ್ವಂತೆ. ಬರೀ ಗೌರವ ಅಂತೆ" ಅಂದ ರೇಡಿಯೊ.

"ಅಧಿಕಾರ ಇಲ್ದೆ ಗೌರವ ಸಿಗೋ ಊರು ಅಂದ್ರೆ ನಾನೂ ಒಂದ್ಸಲ ನೋಡ್ಬೇಕು ಕಣೋ" ಅಂದೆ.

ಮೆರವಣಿಗೆಯ ದಾರಿ ನಮ್ಮ ಪಾಲಿಗೆ ಬಂತು. ಗುಡಿಸಿದೆವು, ತೊಳೆದೆವು, ಮತ್ತೆ ಗುಡಿಸಿದೆವು. ಡಾಂಬರಿಗೆ ಅಂಟಿದ ಚೂಯಿಂಗ್ ಗಮ್ಮನ್ನು ಕುಕ್ಕರಗಾಲಲ್ಲಿ ಕೂತು ಚಾಕುವಿನಿಂದ ಕೆರೆದೆವು. ಫುಟ್‌ಪಾತಿನ ಕಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿದೆವು. ಚರಂಡಿಯಲ್ಲಿ ಸತ್ತು ಉಬ್ಬಿದ್ದ ನಾಯಿಯನ್ನು ಎಳೆದೆವು. ಕಾಲು ಕಿತ್ತು ಕೈಗೆ ಬಂತು. ಮೇಸ್ತ್ರಿ ಅದರ ಮೇಲೆ ಅತ್ತರು ಸಿಂಪಡಿಸಿದ. ನಾಯಿ ಸತ್ತ ವಾಸನೆಗೆ ಅತ್ತರಿನ ವಾಸನೆ ಸೇರಿ ಇನ್ನೂ ಗಬ್ಬೆದ್ದಿತು.

ಮೆರವಣಿಗೆಯ ದಿನ ಬೆಳಿಗ್ಗೆ ಪೊಲೀಸರು ಎಲ್ಲ ಕಡೆ ಬ್ಯಾರಿಕೇಡ್ ಹಾಕಿದರು. ಪಾಸ್ ಇಲ್ಲದವರನ್ನು ಒಳಗೆ ಬಿಡಲಿಲ್ಲ. ಪಾಸ್ ಯಾರಿಗೂ ಕೊಟ್ಟಿರಲಿಲ್ಲ. ಹಾಗಾಗಿ ಜನ ಬರಲಿಲ್ಲ. ರಸ್ತೆಯ ಎರಡೂ ಬದಿ ಖಾಲಿ. ಅತಿಥಿಗಳು ಬರುವ ಹೊತ್ತು ಹತ್ತಿರವಾದಾಗ ನಮ್ಮ ಸಾಹೇಬರಿಗೆ ಇದು ಹೊಳೆಯಿತು. ಜನರಿಲ್ಲದ ಊರಿನಲ್ಲಿ ಕೈಬೀಸುವುದು ಯಾರಿಗೆ? ಅವರು ಫೋನಿನಲ್ಲಿ ಕೂಗಾಡಿದರು. ಕೂಗಾಟದ ಕೊನೆಗೆ ಮೇಸ್ತ್ರಿ ನಮ್ಮ ಹತ್ತಿರ ಓಡಿ ಬಂದ.

"ಪೊರಕೆ ಬಿಸಾಕಿ, ಎಲ್ರೂ ಲಾರಿ ಹಿಂದೆ ಬನ್ನಿ. ಇವತ್ತು ನೀವೇ ಸಾರ್ವಜನಿಕರು."

ನಾಟಕದವರಿಗೆ ಬಟ್ಟೆ ಬಾಡಿಗೆ ಕೊಡುವ ಅಂಗಡಿಯಿಂದ ಗಂಟು ಗಂಟು ಬಟ್ಟೆ ಬಂದಿತ್ತು. ಲಾರಿಯ ಮರೆಯಲ್ಲಿ ನಿಂತು ಉಟ್ಟುಕೊಂಡೆವು. ಯಾರೋ ಅಳುವ ಪಾತ್ರ ಮಾಡಿದ್ದ ಸೀರೆ ನನಗೆ ಸಿಕ್ಕಿರಬೇಕು, ಸೆರಗೆಲ್ಲ ಕಾಡಿಗೆ. ಚಪ್ಪಲಿ ಕೊಡಲಿಲ್ಲ. ಕ್ಯಾಮೆರಾದಲ್ಲಿ ಮೊಣಕಾಲಿನಿಂದ ಮೇಲೆ ಮಾತ್ರ ಕಾಣುತ್ತದಂತೆ. ಮೇಲೆ ಥಳುಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಹಾಗೆ ಮೇಲೆ ನಾವು ಸಾರ್ವಜನಿಕರು, ಕೆಳಗೆ ಒಡೆದ ಹಿಮ್ಮಡಿಯ ಕಸದವರು. ಕೈಗೆ ಎರಡೂ ದೇಶದ ಕಾಗದದ ಬಾವುಟ ಕೊಟ್ಟರು.

"ನಗ್ತಾ ಇರ್ಬೇಕು. ಬಾವುಟ ಬೀಸ್ಬೇಕು. ಬಾಯಿ ಬಿಡ್ಬಾರ್ದು" ಅಂದ ಮೇಸ್ತ್ರಿ. ಕೊನೆಯ ಮಾತು ಹೇಳುವಾಗ ನನ್ನನ್ನೇ ನೋಡಿದ.

ಫುಟ್‌ಪಾತಿನ ಮೇಲೆ ಸಾಲಾಗಿ ನಿಲ್ಲಿಸಿದರು. ಮುಂದೆ ರಸ್ತೆ, ಹಿಂದೆ ಚರಂಡಿ, ಅದರಾಚೆ ಉದ್ದನೆಯ ಗೋಡೆ. ಸಾಲಿನ ತಲೆಗೆ ದೊಡ್ಡಮ್ಮ, ಪಕ್ಕದಲ್ಲಿ ನಾನು. ಬಿಸಿಲು ಏರಿತು. ಭದ್ರತೆ ಅಂತ ಆ ದಾರಿಯ ಶೌಚಾಲಯಗಳಿಗೆಲ್ಲ ಬೀಗ ಜಡಿದಿದ್ದರು. ಕಾಲು ಕಾಲಿಗೆ ಒತ್ತಿಕೊಂಡು ನಿಂತೆವು. ನಮ್ಮಲ್ಲೊಬ್ಬಳು ಹಸಿ ಬಾಣಂತಿ. ಮಗುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಬೇಡಿದಳು. ಬಿಡಲಿಲ್ಲ. ಹಾಲು ಕಟ್ಟಿ ತಾನಾಗಿ ಸುರಿಯಿತು, ರವಿಕೆ ನೆನೆಯಿತು. "ಬಾಡಿಗೆ ಬಟ್ಟೆ ಕಣಮ್ಮ, ನೋಡ್ಕೊಂಡು!" ಅಂತ ಮೇಸ್ತ್ರಿ ಗದರಿದ. ಅವಳು ಎರಡು ದೇಶದ ಬಾವುಟಗಳನ್ನು ಎದೆಗೆ ಅಡ್ಡ ಹಿಡಿದುಕೊಂಡು ಅತ್ತಳು.

ಆಮೇಲೆ ದೂರದಲ್ಲಿ ಹಾರ್ನ್ ಕೇಳಿಸಿತು.

ನಾನು ಈಗ ಹೇಳುವುದನ್ನು ಯಾರೂ ನಂಬುವುದಿಲ್ಲ, ಆದರೆ ನಡೆದದ್ದು ಇದೇ. ಆ ಸದ್ದು ತಲೆಗೆ ಹೋಗುವ ಮೊದಲೇ ಕಾಲಿಗೆ ಹೋಯಿತು. ದೊಡ್ಡಮ್ಮ ತಿರುಗಿದಳು. ನಾನು ತಿರುಗಿದೆ. ಸಾಲಿಗೆ ಸಾಲೇ ತಿರುಗಿತು. ಬಾವುಟ ಎದೆಗೆ ಒತ್ತಿಕೊಂಡು, ಕತ್ತು ಬಗ್ಗಿಸಿ, ಗೋಡೆಗೆ ಮುಖ ಮಾಡಿ ನಿಂತೆವು. ಗೋಡೆಯ ಮೇಲೆ ಇರುವೆಗಳು ಹೋಗುತ್ತಿದ್ದವು. ಅವನ್ನು ನೋಡುತ್ತಿರುವಾಗ ನನಗೆ ಧಸಕ್ಕೆಂದಿತು.

"ದೊಡ್ಡಮ್ಮಾ, ಇವತ್ತು ತಿರುಗ್ಬಾರ್ದಿತ್ತು" ಅಂತ ಪಿಸುಗುಟ್ಟಿದೆ.

"ಅಯ್ಯೋ ಹೌದಲ್ಲೇ" ಅಂದಳು. ಆದರೆ ತಿರುಗಲಿಲ್ಲ. "ಸೀಟಿ ಊದಿಲ್ವಲ್ಲೇ."

ನಿಜ, ಸೀಟಿ ಊದಿರಲಿಲ್ಲ. ಮೇಸ್ತ್ರಿಯ ಬಾಯಿಂದ ಸೀಟಿ ಜಾರಿ ಬಿದ್ದಿತ್ತು ಅಂತ ಆಮೇಲೆ ತಿಳಿಯಿತು. ನಮ್ಮ ಬೆನ್ನ ಹಿಂದೆ ಕಾರುಗಳು ಒಂದಾದ ಮೇಲೊಂದು ಹೋದವು. ಅತಿಥಿಗಳು ಬೆಳ್ಳಗಿದ್ದರೋ ಕರ್ರಗಿದ್ದರೋ, ಗಂಡೋ ಹೆಣ್ಣೋ, ನಾವಂತೂ ನೋಡಲಿಲ್ಲ.

ಸಂಜೆ ರೇಡಿಯೊ ಕೂಗಿ ಕರೆದ. ಎಲ್ಲ ಚಾನೆಲ್ಲಿನಲ್ಲೂ ನಮ್ಮ ಬೆನ್ನು. ಸಾಲು ಸಾಲು ಬೆನ್ನು. 'ಅತಿಥಿಗೆ ಬೆನ್ನು ತೋರಿದ ಜನತೆ.' ಅವರ ದೇಶದ ಪತ್ರಿಕೆಗಳೂ ಅದನ್ನೇ ಬರೆದಿದ್ದವಂತೆ, ಈ ದೇಶದ ಜನರ ಮೌನ ಆಕ್ರೋಶ ಅಂತ. ತಿಳಿದವರೆಲ್ಲ ಟಿವಿಯಲ್ಲಿ ಕೂತು ಚರ್ಚೆಗೆ ಇಳಿದರು. ಬೆಲೆ ಏರಿದ್ದಕ್ಕೆ ಜನ ಹೀಗೆ ಮಾಡಿದ್ದಾರೆ ಅಂದರು ಒಬ್ಬರು. ಆ ದೇಶದವರು ಹಿಂದೆ ಯುದ್ಧದಲ್ಲಿ ಶತ್ರುಗಳ ಕಡೆ ಇದ್ದರಲ್ಲ, ಅದಕ್ಕೆ ಅಂದರು ಇನ್ನೊಬ್ಬರು. ಬೆನ್ನು ಬಾಗಿರುವ ಕೋನ ನೋಡಿ, ಇದು ವಿದ್ಯಾವಂತರ ಪ್ರತಿಭಟನೆ ಅಂದರು ಮತ್ತೊಬ್ಬರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ನಮ್ಮ ಬೆನ್ನಿಗೆ ಇಷ್ಟೊಂದು ಅಭಿಪ್ರಾಯ ಇದೆ ಅಂತ ನಮಗೇ ಗೊತ್ತಿರಲಿಲ್ಲ.

"ಅಕ್ಕಾ, ಟಿವಿಯಲ್ಲಿ ನಿನ್ನ ಬೆನ್ನು ದಪ್ಪ ಕಾಣುತ್ತೆ" ಅಂದ ರೇಡಿಯೊ.

"ನಿನ್ನ ನಾಲಿಗೆಗಿಂತ ದಪ್ಪ ಅಲ್ಲ ಬಿಡು" ಅಂದೆ. ನಕ್ಕೆವು. ದೊಡ್ಡಮ್ಮ ನಗಲಿಲ್ಲ. ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ತಿಕ್ಕುತ್ತಾ ಟಿವಿಯಲ್ಲಿ ಸಾಲಿನ ತಲೆಗಿದ್ದ ತನ್ನ ಬೆನ್ನನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಕಾಲೇಜಿನ ಹುಡುಗ ಹುಡುಗಿಯರು ಹಾರ ತಂದರು. ದೊಡ್ಡಮ್ಮನ ಕೊರಳಿಗೆ ಹಾಕಿ, "ಅಮ್ಮಾ, ಇಡೀ ದೇಶದ ಮಾತನ್ನ ನೀವು ಬಾಯಿ ತೆರೀದೇನೆ ಹೇಳಿಬಿಟ್ರಿ" ಅಂದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಭ್ಯಾಸ ಕಣ್ರಪ್ಪಾ, ದಿನಾ ಸಾಹೇಬರ ಕಾರಿಗೆ ಹೀಗೇ ತಿರುಗುತ್ತೇವೆ ಅಂದೆ. ಅವರ ಮುಖ ಬಾಡಿತು. ಮುಂದೆ ನಿಂತಿದ್ದ ಹುಡುಗಿ ತಗ್ಗಿದ ದನಿಯಲ್ಲಿ, "ಅಕ್ಕಾ, ಇದನ್ನ ಹೊರಗೆ ಹೇಳ್ಬೇಡಿ. ಜನ ಈಗ ನಮ್ಮ ಕಡೆ ಇದ್ದಾರೆ" ಅಂದಳು.

"ನಾವು ಚರಂಡಿ ಅಂಚಲ್ಲಿ ಕತ್ತು ಬಗ್ಗಿಸೋದು ನಿಮಗೆ ಸಾಕಾಗಲ್ವಾ? ಅದಕ್ಕೆ ಸಿಟ್ಟು ಬರಲ್ವಾ?" ಅಂದೆ. ಅವಳು ಒಳ್ಳೆಯ ಹುಡುಗಿಯೇ. ಕಣ್ಣಲ್ಲಿ ನೀರು ತಂದುಕೊಂಡಳು. ಆದರೂ ಹಾರದ ಫೋಟೊ ತೆಗೆದುಕೊಂಡೇ ಹೋದರು.

ಅವತ್ತೇ ಸಾಹೇಬರಿಂದ ಕರೆ ಬಂತು. ಅವರ ಕೋಣೆಯನ್ನು ನಾನು ಗುಡಿಸಿದ್ದೇನೆ, ಅವರಿಲ್ಲದಾಗ. ಅವರು ಇರುವಾಗ ಒಳಗೆ ಕಾಲಿಟ್ಟದ್ದು ಅದೇ ಮೊದಲು. ದೊಡ್ಡಮ್ಮ, ನಾನು, ಮೇಸ್ತ್ರಿ ಸಾಲಾಗಿ ನಿಂತೆವು. ಸಾಹೇಬರು ದೊಡ್ಡಮ್ಮನ ಕಡೆ ಬೆರಳು ಮಾಡಿದರು.

"ನೀನೇ ಮೊದಲು ತಿರುಗಿದ್ದು. ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಸ್ವಾಮಿ. ಕಾರು ಬಂದ್ರೆ ತಿರುಗೋದು ನಮ್ಮ ಪದ್ಧತಿ."

"ಯಾವ ಪದ್ಧತಿ?"

"ನಿಮ್ಮ ಕಾರು ಬಂದಾಗ ದಿನಾ ತಿರುಗ್ತೀವಲ್ಲ ಸ್ವಾಮಿ."

ಸಾಹೇಬರು ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ನೆಲ ನೋಡಿದ. "ನಾನು ಯಾವತ್ತಾದ್ರೂ ಹಾಗೆ ಹೇಳಿದ್ದೀನಾ? ಯಾವ ಆರ್ಡರ್‌ನಲ್ಲಿದೆ? ನೀವು ತಿರುಗ್ತೀರ ಅನ್ನೋದೇ ನಾನು ಗಮನಿಸಿಲ್ಲ" ಅಂದರು.

ಅವರು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಗಮನಿಸಿರಲಿಲ್ಲ. ಅದೇ ನನ್ನ ಎದೆಗೆ ಕೊಳ್ಳಿ ಇಟ್ಟಿತು. ಇವರ ಕಣ್ಣಿಗೆ ಬೀಳಬಾರದು ಅಂತ ದೊಡ್ಡಮ್ಮ ಕೈ ಮುರಿದುಕೊಂಡಳು. ಇವರ ಕಣ್ಣು ನಮ್ಮ ಕಡೆ ಒಂದು ದಿನವೂ ಹೊರಳಿರಲಿಲ್ಲ. ತಿರುಗಿ ನಿಂತರೂ ಒಂದೇ, ತಿರುಗದಿದ್ದರೂ ಒಂದೇ ಆಗಿತ್ತು.

"ಮೇಸ್ತ್ರಿ, ಬಾಯಿ ಬಿಡಿ" ಅಂದೆ. "ಸೀಟಿ ಊದೋರು ನೀವೇ ಅಲ್ವಾ?"

ಮೇಸ್ತ್ರಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ. "ಅದು... ಮೊದಲಿಂದ ಹಾಗೆ ನಡ್ಕೊಂಡು ಬಂದಿದೆ ಸಾರ್... ಅಂದ್ರೆ ಇವರಾಗಿ ಇವರೇ..."

ಸಾಹೇಬರು ಕೈ ಎತ್ತಿ ಮಾತು ನಿಲ್ಲಿಸಿದರು. ಅವರಿಗೆ ಮೇಲಿಂದ ಬಿಸಿ ಮುಟ್ಟಿತ್ತು. ಕಾರಿಗೆ ಹೆಂಗಸರನ್ನು ಗೋಡೆಗೆ ತಿರುಗಿಸುತ್ತೇವೆ ಅಂತ ಹೊರಗೆ ಹೇಳಿದರೆ ಇನ್ನೂ ದೊಡ್ಡ ಮಾನಭಂಗ. ಅವರು ದಾರಿ ಹುಡುಕಿಟ್ಟಿದ್ದರು. ನಾಳೆ ಆಫೀಸಿನ ಅಂಗಳಕ್ಕೆ ಟಿವಿಯವರು ಬರುತ್ತಾರೆ. ದೊಡ್ಡಮ್ಮ ಕ್ಯಾಮೆರಾದ ಮುಂದೆ ಹೇಳಬೇಕು: ಹೊರಗಿನವರು ಯಾರೋ ಬಂದು ನಮ್ಮ ತಲೆ ಕೆಡಿಸಿದರು, ತಪ್ಪಾಯಿತು, ಕ್ಷಮಿಸಿ.

"ಹೇಳಿದ್ರೆ ವಿಷಯ ಇಲ್ಲಿಗೆ ಮುಗೀತು. ಇಲ್ಲಾಂದ್ರೆ ಕೆಲಸ ಬಿಟ್ಟು ಕೋಣೆ ಖಾಲಿ ಮಾಡಮ್ಮ" ಅಂದರು. ಗದರಲಿಲ್ಲ. ಕಿಟಕಿ ಮುಚ್ಚು ಅನ್ನುವಷ್ಟು ಮೆತ್ತಗೆ ಹೇಳಿದರು.

ಮನೆಗೆ ಬಂದು ದೊಡ್ಡಮ್ಮ ಆ ಮಾತನ್ನು ಬಾಯಿಪಾಠ ಮಾಡತೊಡಗಿದಳು. ಒಲೆಯ ಮುಂದೆ ಕೂತು, "ಹೊರಗಿನವರು ಯಾರೋ ಬಂದು, ಹೊರಗಿನವರು ಯಾರೋ ಬಂದು" ಅಂತ. ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮಾ, ಆ ಮಾತು ಹೇಳ್ಬೇಡ. ನಾಳೆ ಪೊಲೀಸ್ರು ಆ ಕಾಲೇಜು ಮಕ್ಕಳನ್ನೇ ಹೊರಗಿನವರು ಅಂತ ಎಳ್ಕೊಂಡು ಹೋಗ್ತಾರೆ."

"ಬಾಯಲ್ಲಿ ಹೇಳೋದು ತಾನೇ? ಬಾಯಿ ಮುಕ್ಕಳಿಸಿದ್ರೆ ಹೋಗುತ್ತೆ."

"ಹೋಗಲ್ಲ."

"ಹೋಗದಿದ್ರೆ ಇರ್ಲಿ. ಎಷ್ಟೋ ಹೊಲಸು ಬಾಚಿಲ್ವಾ ಈ ಕೈ? ಇದೂ ಒಂದು" ಅಂದಳು.

ಹಾಸಿಗೆಯಿಂದ ರೇಡಿಯೊ, "ಅಮ್ಮ, ನನಗೋಸ್ಕರ ಹೇಳ್ಬೇಡ" ಅಂದ. ಅಪರೂಪಕ್ಕೆ ಅವನ ದನಿ ಸಣ್ಣದಾಗಿತ್ತು.

"ನಿನಗೋಸ್ಕರ ಅಲ್ದೆ ಇನ್ಯಾರಿಗೋಸ್ಕರನೋ? ನಿನ್ನನ್ನ ಬೀದಿಯಲ್ಲಿ ಮಲಗಿಸ್ಲಾ? ಮಗ್ಗುಲು ಬದಲಾಯಿಸೋಕೂ ನಾನು ಬೇಕು ನಿನಗೆ" ಅಂತ ರೇಗಿದಳು. ಆಮೇಲೆ ಅವನ ಬೆನ್ನ ಹುಣ್ಣಿಗೆ ಬೂದಿ ಬಣ್ಣದ ಮುಲಾಮು ಹಚ್ಚಲು ಕೂತಳು. ನಾನು ಅವನ ಭುಜ ಹಿಡಿದು ಎತ್ತಿದೆ. ನನಗೆ ಅವಳ ಮೇಲೆ ಸಿಟ್ಟಿತ್ತು. ಅವಳ ಜಾಗದಲ್ಲಿ ನಾನಿದ್ದರೂ ಇದನ್ನೇ ಮಾಡುತ್ತಿದ್ದೆ ಅಂತ ಗೊತ್ತಿದ್ದದ್ದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಮರುದಿನ ಆಫೀಸಿನ ಅಂಗಳದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಈ ಸಲ ನಮ್ಮದೇ ಕೆಲಸದ ಬಟ್ಟೆ. ಹಿಂದೆ ಕಾಂಪೌಂಡಿನ ಗೋಡೆ, ಗೋಡೆಯ ಬುಡಕ್ಕೆ ತೆರೆದ ಚರಂಡಿ. ಟಿವಿಯ ಹುಡುಗಿ ದೊಡ್ಡಮ್ಮನ ಮುಂದೆ ಮೈಕು ಹಿಡಿದಳು. ಕ್ಯಾಮೆರಾದವನು ಕೈ ತೋರಿಸಿದ.

"ಹೇಳಿ ಅಮ್ಮ. ಅವತ್ತು ಏನಾಯ್ತು?"

ದೊಡ್ಡಮ್ಮ ಬಾಯಿಪಾಠ ಶುರು ಮಾಡಿದಳು. "ಹೊರಗಿನವರು ಯಾರೋ ಬಂದು..."

ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಸಾಹೇಬರ ಕಾರು. ಹೇಳಿಕೆ ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ಬಂದಿದ್ದರು.

ದೊಡ್ಡಮ್ಮನ ಮಾತು ಅಲ್ಲೇ ನಿಂತಿತು. ಅವಳು ತಿರುಗಿದಳು. ನಾವೂ ತಿರುಗಿದೆವು. ಮೈಕು ಹಿಡಿದ ಹುಡುಗಿ ನಮ್ಮ ಬೆನ್ನುಗಳ ಮುಂದೆ ಒಬ್ಬಳೇ ನಿಂತಳು.

ಕಾರಿನ ಬಾಗಿಲು ಧಡಾರನೆ ಬಿತ್ತು. "ಏನಿದು? ಮತ್ತೆ ಅದೇನಾ? ಮೇಸ್ತ್ರಿ!" ಅಂತ ಸಾಹೇಬರು ಕಿರುಚಿದರು. ಮೇಸ್ತ್ರಿ ಸೀಟಿ ಊದಿದ. ನಾವು ಮತ್ತೆ ಕ್ಯಾಮೆರಾದ ಕಡೆ ತಿರುಗಿದೆವು. ನಾನೂ ತಿರುಗಿದೆ. ಅದಕ್ಕೆ ನನಗೆ ಈಗಲೂ ನಾಚಿಕೆ.

ದೊಡ್ಡಮ್ಮ ತಿರುಗಲಿಲ್ಲ.

ಮೇಸ್ತ್ರಿ ಮತ್ತೆ ಊದಿದ. ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ಬರುವ ಹಾಗೆ ಊದಿದ. ಅವಳ ಬೆನ್ನು ಅಲ್ಲಾಡಲಿಲ್ಲ. ಬೆವರಿಗೆ ಒದ್ದೆಯಾದ ರವಿಕೆ, ಅದರ ಮೇಲೆ ನಗರದ ಹೆಸರು ಅಚ್ಚಾದ ಹಸಿರು ಕೋಟು, ಹಿಂದೆ ಕಟ್ಟಿಕೊಂಡ ಕೈ, ಆ ಸೊಟ್ಟ ಮಣಿಕಟ್ಟು.

"ತಿರುಗಮ್ಮ ಈ ಕಡೆ" ಅಂದರು ಸಾಹೇಬರು.

"ಇಲ್ಲ ಸ್ವಾಮಿ."

ಅವಳ ಬಾಯಿಂದ ಆ ಮಾತು ನಾನು ಅವತ್ತೇ ಮೊದಲು ಕೇಳಿದ್ದು. ಅವಳು ಗೋಡೆಗೆ ಹೇಳಿದಳು. ಆದರೂ ಎಲ್ಲರಿಗೂ ಕೇಳಿಸಿತು.

"ನಿಮ್ಮ ಕಾರು ಬಂದ್ರೆ ಆ ಕಡೆ ತಿರುಗು ಅಂದ್ರಿ, ತಿರುಗ್ದೆ. ನಿಮ್ಮ ನೆಂಟರು ಬಂದ್ರೆ ಈ ಕಡೆ ತಿರುಗು ಅಂದ್ರಿ. ಮೈಗೆ ಅದು ಬರ್ಲಿಲ್ಲ. ನನ್ನ ಮೈಯನ್ನ ಹಾಗೆ ಬಗ್ಗಿಸಿ ಇಟ್ಟಿದ್ದು ನೀವು. ಈಗ ಯಾರೋ ಹೊರಗಿನವರು ಹೇಳಿಕೊಟ್ರು ಅನ್ನು ಅಂತೀರ. ಯಾವ ಹೊರಗಿನವರು? ಸೀಟಿ ಯಾರ ಬಾಯಲ್ಲಿದೆ ನೋಡಿ."

ಮೇಸ್ತ್ರಿ ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ತುರುಕಿದ.

"ಕೆಲಸ ಹೋಗುತ್ತೆ, ನೆನಪಿರ್ಲಿ" ಅಂದರು ಸಾಹೇಬರು.

"ಗೊತ್ತು. ರಾತ್ರಿಯೆಲ್ಲ ಅದನ್ನೇ ನೆನೆಸಿಕೊಂಡಿದ್ದೀನಿ. ಹೇಳೋಣ ಅಂತಾನೇ ಬಂದೆ ಸ್ವಾಮಿ, ದೇವರಾಣೆಗೂ ಹೇಳೋಣ ಅಂತಾನೇ ಬಂದೆ. ನಿಮ್ಮ ಹಾರ್ನ್ ಕೇಳ್ತು, ಮೈ ತಿರುಗಿಬಿಡ್ತು. ತಿರುಗಿದ್ಮೇಲೆ ನನಗೇ ಅಸಹ್ಯ ಆಯ್ತು. ಇನ್ನು ನೀವು ಅಂದಾಗ ಆ ಕಡೆ, ನೀವು ಅಂದಾಗ ಈ ಕಡೆ ನನ್ನ ಕೈಲಾಗಲ್ಲ. ನನ್ನ ಮುಖ ಬೇಕಾದ್ರೆ ನೀವೇ ಇಲ್ಲಿ ಬನ್ನಿ."

ನಾನು ಹೋಗಿ ಅವಳ ಪಕ್ಕ ನಿಂತೆ, ಗೋಡೆಗೆ ಮುಖ ಮಾಡಿ. ಬಾಣಂತಿ ಬಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೆಲವರು ಬರಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ, ಅವರ ಮನೆಯಲ್ಲೂ ಮಲಗಿದವರಿದ್ದಾರೆ.

ಸಾಹೇಬರು ಬಂದರು. ದೊಡ್ಡಮ್ಮನ ಮುಖ ನೋಡಬೇಕಾದರೆ ಗೋಡೆಗೂ ಅವಳಿಗೂ ನಡುವೆ ನಿಲ್ಲಬೇಕು, ಅಲ್ಲಿರುವುದು ಚರಂಡಿ. ಅವರು ಒಂದು ಕಾಲನ್ನು ಆಚೆ ಇಡಲು ಹೋದರು. ಜಾರಿತು. ಹೊಳೆಯುವ ಬೂಟು, ಕಾಲುಚೀಲ, ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನವರೆಗೂ ಕಪ್ಪು ನೀರಿನಲ್ಲಿ ಇಳಿಯಿತು. ಗೋಡೆ ಹಿಡಿದುಕೊಂಡು ನಿಂತು ತಲೆ ಎತ್ತಿದರು. ದೊಡ್ಡಮ್ಮನ ಮುಖ ಅವರ ಮುಖದ ಎದುರಿಗಿತ್ತು.

"ನೋಡಿದ್ರಾ ಸ್ವಾಮಿ? ನಾನೇ" ಅಂದಳು ದೊಡ್ಡಮ್ಮ. "ದಿನಾ ನಿಮ್ಮ ರಸ್ತೆ ಗುಡಿಸೋಳು."

ಕ್ಯಾಮೆರಾದವನು ಎಲ್ಲವನ್ನೂ ಹಿಡಿದಿದ್ದ. ಆದರೆ ಆ ದೃಶ್ಯ ಯಾವ ಚಾನೆಲ್ಲಿನಲ್ಲೂ ಬರಲಿಲ್ಲ. ಅತಿಥಿಗಳು ಅಷ್ಟು ಹೊತ್ತಿಗೆ ವಿಮಾನ ಹತ್ತಿ ತಮ್ಮ ದೇಶಕ್ಕೆ ಹೋಗಿದ್ದರು. ಭೇಟಿ ಯಶಸ್ವಿಯಾಯಿತು, ಜನ ಮೆಚ್ಚಿಕೊಂಡರು ಅಂತ ಸುದ್ದಿ ಬಂತು. ಚರ್ಚೆಯವರಿಗೆ ಬೇರೆ ವಿಷಯ ಸಿಕ್ಕಿತು. ಹಾರ ತಂದವರು ಮತ್ತೆ ಬರಲಿಲ್ಲ.

ಎಲ್ಲರನ್ನೂ ತೆಗೆದರೆ ರಸ್ತೆ ಗುಡಿಸುವವರು ಯಾರು? ದೊಡ್ಡಮ್ಮನೊಬ್ಬಳ ಕೆಲಸ ಹೋಯಿತು, ಕೋಣೆಗೆ ಬೀಗ ಬಿತ್ತು. ಕಸದ ತಳ್ಳುಗಾಡಿಯನ್ನು ತಿಕ್ಕಿ ತೊಳೆದು, ಚಾಪೆ ಹಾಸಿ, ಅದರ ಮೇಲೆ ರೇಡಿಯೊನನ್ನು ಮಲಗಿಸಿದೆವು. ಟಿವಿಯನ್ನು ಅವನ ಕಾಲ ಬಳಿ ಇಟ್ಟೆವು. ಬಾಣಂತಿ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಒಂದು ಕಡೆ ತಳ್ಳಿದಳು, ನಾನು ಇನ್ನೊಂದು ಕಡೆ. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಅವನು ಹಲ್ಲು ಕಚ್ಚುತ್ತಿದ್ದ.

"ಅಕ್ಕಾ, ಮೆರವಣಿಗೆ ಅಂದ್ರೆ ಇದು. ಯಾರಾದ್ರೂ ತೋಪು ಹಾರಿಸ್ರಪ್ಪಾ" ಅಂದ. ನಾನು ನಗಲು ಹೋಗಿ ಅತ್ತೆ. ದೊಡ್ಡಮ್ಮ ಅಳಲಿಲ್ಲ. ನನ್ನ ಮನೆ ಅವಳ ಕೋಣೆಗಿಂತ ಸಣ್ಣದು. ಕಿಟಕಿ ಇಲ್ಲ. ರೇಡಿಯೊಗೆ ಬಾಗಿಲ ಬಳಿ ಜಾಗ ಮಾಡಿದೆವು. ಅವನ ಕಾಲು ದಾಟಿಯೇ ಎಲ್ಲರೂ ಒಳಗೆ ಬರಬೇಕು, ಹೊರಗೆ ಹೋಗಬೇಕು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ದೊಡ್ಡಮ್ಮ ಎಂದಿನ ಅಭ್ಯಾಸದಲ್ಲಿ ಎದ್ದು ಸೀರೆ ಸಿಕ್ಕಿಸಿಕೊಂಡಳು. ಆಮೇಲೆ ನೆನಪಾಗಿ ಮತ್ತೆ ಕೂತಳು. ಅದನ್ನು ನೋಡಬಾರದಿತ್ತು ಅನ್ನಿಸಿತು. ಪೊರಕೆ ಎತ್ತಿಕೊಂಡು ಹೊರಟೆ.

ಹಾಜರಿ ಮುಗಿಯಿತು. ಈ ಗಲಾಟೆಯಲ್ಲಿ ಗುಡಿಸದೆ ಉಳಿದ ಒಣ ಹೂವು, ಹರಿದ ಬಾವುಟದ ಚೂರುಗಳು ರಸ್ತೆಯ ಉದ್ದಕ್ಕೂ ಇನ್ನೂ ಬಿದ್ದಿದ್ದವು. ಎಲ್ಲರೂ ಗುಡಿಸತೊಡಗಿದೆವು. ನಾನು ರಸ್ತೆಯ ನಡುವಿನಿಂದ ಅಂಚಿಗೆ ಕಸ ಎಳೆಯುತ್ತಿದ್ದೆ. ಹಾರ್ನ್ ಕೇಳಿಸಿತು.

ನನ್ನ ಕಾಲು ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟುಬಿಟ್ಟಿತು. ಕತ್ತು ತಾನಾಗಿ ಬಾಗಲು ಹೊರಟಿತು. ಪೊರಕೆಯ ಕೋಲನ್ನು ನೆಲಕ್ಕೆ ಊರಿ, ಅಂಗೈ ಉರಿಯುವ ಹಾಗೆ ಹಿಡಿದು, ನನ್ನ ಮೈಯನ್ನು ನಾನೇ ತಡೆದೆ. ನಾಯಿಯನ್ನು ಸರಪಳಿಯಲ್ಲಿ ಎಳೆದು ನಿಲ್ಲಿಸುವಷ್ಟು ಕಷ್ಟವಾಯಿತು. ಇಟ್ಟ ಹೆಜ್ಜೆ ವಾಪಸ್ ತಂದೆ. ಸಾಹೇಬರ ಕಾರು ನನ್ನ ಮುಂದೆ ಬಂದು ನಿಂತಿತು. ಮತ್ತೆ ಹಾರ್ನ್. ಪಕ್ಕದಲ್ಲಿ ಬಾಣಂತಿಯ ಪೊರಕೆ ನೆಲಕ್ಕೆ ತಾಗುವ ಸದ್ದು ಕೇಳಿಸಿತು. ಅವಳೂ ನಿಂತಲ್ಲೇ ಗುಡಿಸುತ್ತಿದ್ದಳು. ಅವಳಾಚೆ ಇನ್ನೊಬ್ಬಳು.

ಮೇಸ್ತ್ರಿ ದೂರದಲ್ಲಿ ಸೀಟಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಬಾಯಿಗೆ ಇಡಲಿಲ್ಲ.

ನನ್ನ ಮುಂದೆ ಇನ್ನೂ ಅಷ್ಟಗಲ ಕಸವಿತ್ತು. ನಾನು ಅವಸರ ಮಾಡಲಿಲ್ಲ, ಬೇಕಂತ ನಿಧಾನವನ್ನೂ ಮಾಡಲಿಲ್ಲ. ದೊಡ್ಡಮ್ಮ ಕಲಿಸಿದ ಹಾಗೆ, ಪೊರಕೆಯ ತುದಿ ಮಾತ್ರ ನೆಲಕ್ಕೆ ತಾಗಿಸಿ, ಧೂಳೇಳದ ಹಾಗೆ ಗುಡಿಸಿದೆ. ಅಂಚಿನವರೆಗೂ ಎಳೆದು ಗುಡ್ಡೆ ಮಾಡಿ, ಬುಟ್ಟಿಗೆ ತುಂಬಿ, ಗಾಡಿಗೆ ಸುರಿದೆ.

ಅಲ್ಲಿಯವರೆಗೂ ಕಾರು ಕಾಯಿತು.